ಗಂಟ ಇಲ್ಲಲ್ಲ

"ಗಂಟ ಇಲ್ಲಲ್ಲ, ಮತ್ಯಾಕ ತುಂಡ ತಗದರು?"
ಡಾಕ್ಟರು ಮರಾಠಿಯಲ್ಲಿ ಹೇಳಿ ಹೋದ ಮೇಲೆ
ರಾಚವ್ವ ನನ್ನ ಕಿಂಡಿಗೆ ಬಂದು ಕೇಳಿದ್ದು.
ನಾನು ಫೋನಿನಲ್ಲಿ ತಮ್ಮನಿಗೆ ಬೈದ ಕನ್ನಡ
ಅವಳ ಕಿವಿಗೆ ಬಿದ್ದಿತ್ತು.

ಸೊಲ್ಲಾಪುರದ ಅಕ್ಕಲಕೋಟ ರಸ್ತೆ, ಪವರ್‌ಲೂಮಿನ ಶೆಡ್ಡು,
ಮೂವತ್ತೆಂಟು ವರ್ಷ
ಕಡಿದ ಎಳೆ ಹುಡುಕಿ ಗಂಟು ಹಾಕಿದವಳು.
ಲಾಳಿಯ ಸದ್ದಿಗೆ ಕಿವಿ ಅರ್ಧ ಹೋಗಿದೆ,
ಬೆರಳು ಹೋಗಿಲ್ಲ.
ಕೂದಲೆಳೆಯ ಗಂಟೂ ಅವಕ್ಕೆ ಸಿಗುತ್ತದೆ.
ಆ ಬೆರಳೇ ತನ್ನ ಎದೆಯನ್ನೂ ತಡವಿ ನೋಡಿತ್ತು.
ತುಸು ಬಿರುಸು, ಅಷ್ಟೆ,
ಗಂಜಿ ಹೆಚ್ಚಾದ ಚಾದರದ ಹಾಗೆ.

ಒಳಗೆ, ಸೂಕ್ಷ್ಮದರ್ಶಕದ ಕೆಳಗೆ, ಅವಳ ಗಾಜು.
ಕ್ಯಾಡ್‌ಹೆರಿನ್ ಇದ್ದಲ್ಲಿ ಕಂದು ಕಾಣುವ ಬಣ್ಣ ಹಾಕಿದ್ದೇನೆ.
ಕೋಶವನ್ನು ಕೋಶಕ್ಕೆ ಹಿಡಿದಿಡುವ ಪ್ರೋಟೀನು,
ಆ ಹಿಡಿತಕ್ಕೂ ಚೂರು ಸುಣ್ಣ ಬೇಕು.
ನಾವು ಕ್ಯಾಲ್ಸಿಯಂ ಅನ್ನುತ್ತೇವೆ,
ಅವಳ ಎಲೆಸಂಚಿಯ ಡಬ್ಬಿಯಲ್ಲಿ ಇರುವುದೂ ಅದೇ.

ಮೂಲೆಯಲ್ಲೊಂದು ಹಾಲಿನ ನಾಳ, ಇನ್ನೂ ಕೆಟ್ಟಿಲ್ಲ:
ಕೋಶಕೋಶದ ಅಂಚಿಗೂ ಕಂದು,
ಹಾಸುಹೊಕ್ಕು ಬಿಗಿದ ಬಟ್ಟೆ.
ಅಂದರೆ ಬಣ್ಣ ಸರಿಯಾಗಿದೆ. ನನ್ನ ಕೈ ತಪ್ಪಿಲ್ಲ.
ತಪ್ಪಿದ್ದರೆ ಚೆನ್ನಾಗಿತ್ತು.

ಪಕ್ಕದಲ್ಲೇ ಉಳಿದವು, ಬಣ್ಣ ಹಿಡಿಯದವು,
ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು,
ರಾತ್ರಿಪಾಳಿ ಮುಗಿಸಿ ಗೇಟು ದಾಟುವವರ ಹಾಗೆ.
ಯಾರ ಕೈಯೂ ಯಾರ ಕೈಯಲ್ಲಿಲ್ಲ.
ಎಲ್ಲಿಗೆ ಹೊರಟವು?
ಕಂಕುಳಿಗೋ, ಬೆನ್ನೆಲುಬಿಗೋ,
ನನಗೆ ಕಾಣುವುದು ಈ ಗಾಜಿನಷ್ಟಗಲ ಮಾತ್ರ.

ನೂಲಿನದ್ದೂ ಗಂಟು, ರೋಗದ್ದೂ ಗಂಟು,
ನಮ್ಮ ಮಾತಿನಲ್ಲಿ ಬೇರೆ ಹೆಸರಿಲ್ಲ.
ಕೈಗೆ ಸಿಕ್ಕಿತೆಂದು ಹೆದರಿ ಓಡಿಬರುತ್ತಾರೆ ಜನ.
ಇವಳದ್ದು ಬಿಚ್ಚಿಕೊಂಡ ಗಂಟು.
ಸಿಗುವುದಾದರೂ ಏನು, ಯಾವ ಬೆರಳಿಗೆ?

ಮೊಮ್ಮಗ ಕಾಗದ ತಿರುಗಿಸಿ ಓದಿದ:
"ಆಯಿ, ನೆಗೆಟಿವ್ ಅಂತ ಬರ್ದಾರ!"
ಅವಳ ಮುಖ ಅರಳಿತು.
ಟೈಪು ಮಾಡಿದವಳು ನಾನೇ.
ಇಲ್ಲ ಎಂಬುದಕ್ಕೆ ರಿಪೋರ್ಟಿನಲ್ಲಿ ಅದೊಂದೇ ಪದ.

ಹೇಳುವುದು ನನ್ನ ಕೆಲಸವಲ್ಲ.
ಎದ್ದು ಹೊರಗೆ ಬಂದೆ.
"ಒಂದೀಟ ಕೂಡ್ರಿ, ಯವ್ವಾ. ಡಾಕ್ಟರ ಮತ್ತೊಮ್ಮೆ ಕರೀತಾರ."
ಬೆಂಚಿನ ತುದಿಗೆ ಕೂತಳು.
ರಸೀದಿಯನ್ನು ಮಡಚಿ ಸೆರಗಿನ ಮೂಲೆಗೆ ಸೇರಿಸಿ
ನೋಡದೆಯೇ ಗಂಟು ಬಿಗಿದಳು, ಒಂದೇ ಕೈಯಲ್ಲಿ.