ಮುಚ್ಚಳ

ಚಿಂತಾಮಣಿ ಬಿಟ್ಟು ಸರಿಯಾಗಿ ಆರನೇ ಮೈಲಿ.
ಹುಣಸೆಮರದ ಹತ್ತಿರ ಕೆಮ್ಮುತ್ತೆ, ಆಮೇಲೆ
ತೂಕಡಿಸುತ್ತೆ, ಆಮೇಲೆ ನಿಲ್ಲುತ್ತೆ.
ತೊಂಬತ್ತೆಂಟರ ಗಾಡಿ. ನನ್ನ ಮದುವೆಗಿಂತ ಒಂದು ವರ್ಷ ದೊಡ್ಡದು.
ಹಿಂದೆ ಹನ್ನೆರಡು ಮೂಟೆ ಗೂಡು, ಜೀವ ಇರೋ ಮಾಲು.
ಶಿಡ್ಲಘಟ್ಟದಲ್ಲಿ ಹರಾಜು ಕೂಗ್ತಾ ಇರ್ತಾರೆ ಈಗ,
ನಾನಿಲ್ಲಿ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು.

ಕಾಲು ಗಂಟೆ ಸುಮ್ಮನೆ ಬಿಟ್ಟರೆ
ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟು.
ಅದೇ ನನಗೆ ಹೊಟ್ಟೆ ಉರಿ.
ಕೆಟ್ಟರೆ ಪೂರ್ತಿ ಕೆಡಬೇಕು ಯಾವುದೇ ಆಗಲಿ.

ಬೈಪಾಸಿನ ಹುಡುಗರು ಅಂದರು: ಏರ್ ಹಿಡಿದಿದೆ.
ಫಿಲ್ಟರ್ ಬಿಚ್ಚಿದರು. ತಳದಲ್ಲಿ ನೀರು, ತುಕ್ಕು,
ಕಾಫಿ ಗಷ್ಟಿನ ಹಾಗೆ. ಹೊಸದು ಹಾಕಿದರು.
ಹುಣಸೆಮರದ ಹತ್ತಿರ ನಿಂತಿತು.
ತಾಮ್ರದ ವಾಷರು ಎಂಟೂ ಬದಲಾಯಿಸಿದರು.
ನಿಂತಿತು.
ಫೀಡ್ ಪಂಪಿನ ವಾಲ್ವು, ಸ್ಪ್ರಿಂಗು, ಸಾವಿರದ ಎಂಟುನೂರು.
ನಿಂತಿತು, ಈ ಸಲ ಮರ ದಾಟಿ ಹತ್ತು ಮಾರು ಮುಂದೆ.
ಅದನ್ನೇ ರಿಪೇರಿ ಅಂತ ಬಿಲ್ಲು ಬರೆದರು.

ಹ್ಯಾಂಡ್ ಪಂಪ್ ಒತ್ತೋಕೆ ಮೊದಲು ವೆಂಕಟ್ರವಣ ಇದ್ದ.
ಟೀಗೆ ನಿಲ್ಲಿಸಿದಾಗೆಲ್ಲ ಇಳಿದು ಟಾರ್ಪಾಲು ಸಡಿಲಿಸೋನು,
'ಒಳಗೆ ಹುಳ ಉಸಿರಾಡ್ಬೇಕಲ್ಲಣ್ಣ.'
ಯುಗಾದಿಗೆ ಮುಂಚೆ ಬಿಡಿಸಿದೆ. ಅದು ಬೇರೆ ಮಾತು.

ಕೊನೆಗೆ ದಸ್ತಗೀರ್ ಸಾಬರು, ಗುಜರಿ ಅಂಗಡಿ ಪಕ್ಕ.
ಎಡಗಿವಿ ಕೇಳಿಸಲ್ಲ, ಬಲಗಿವಿಗೆ ಪುರುಸೊತ್ತಿಲ್ಲ.
ನಾನು ಹೇಳ್ತಾ ಇದ್ದ ಹಾಗೇ
ಟ್ಯಾಂಕಿಂದ ಬರೋ ಪೈಪು ಕಳಚಿ ಪಕ್ಕಕ್ಕೆ ಕಟ್ಟಿದರು.
ಕಡಲೆಕಾಯಿ ಎಣ್ಣೆಯ ಹಳೇ ಕ್ಯಾನಿಗೆ ಡೀಸೆಲ್ ತುಂಬಿ
ಕನ್ನಡಿಯ ಕೊಂಬಿಗೆ ನೇತುಹಾಕಿ
ಹಾಲು ಬಿಡಿಸಿದ ಕೂಸಿಗೆ ಬಾಟಲಿ ಹಿಡಿದಂತೆ
ಇಂಜಿನ್ನಿನ ಬಾಯಿಗಿಟ್ಟರು. 'ಹೋಗ್ ಬಾ' ಅಂದರು.

ಆರನೇ ಮೈಲಿ. ಹುಣಸೆಮರ.
ಮರ ಹಿಂದಾಯಿತು.
ಏಳು. ಎಂಟು. ಇಷ್ಟು ನಿಲ್ಲದೆ ಓಡಿದ್ದಕ್ಕೆ
ನಾನೇ ಹೆದರಿ ತಿರುಗಿಸಿಕೊಂಡು ಬಂದೆ.

'ಪಂಪು ಸೈ. ನಾಝಲ್ ಸೈ. ರೋಗ ಹಿಂದೆ ಐತೆ.'
ಪೈಪಿಗೆ ಬಾಯಿಟ್ಟು ಊದಿದರು:
ಟ್ಯಾಂಕಿನಲ್ಲಿ ಗುಳುಗುಳು. ದಾರಿ ಚೊಕ್ಕ.
ಮತ್ತೆ ಸೇರಿಸಿ, ಮುಚ್ಚಿ, ಈ ಸಲ ತಾವೂ ಹತ್ತಿದರು
ವೆಂಕಟ್ರವಣ ಕೂರುತ್ತಿದ್ದ ಕಡೆ.
ಮರದ ಕೆಳಗೆ ಕೆಮ್ಮು. ತೂಕಡಿಕೆ. ಮೌನ.
ಬಾನೆಟ್ಟಿನ ಕಡೆ ನೋಡಲೂ ಇಲ್ಲ ಅವರು.
ನೇರ ಟ್ಯಾಂಕಿಗೆ ಹೋದರು. ಬೀಗ ತೆಗೆಸಿ, ಮುಚ್ಚಳ ತಿರುಗಿಸಿದರು.

ಸ್ಸ್ಸ್ಸ್
ಒಳಕ್ಕೆ ಎಳೆದುಕೊಂಡಿತು,
ಬಾವಿಯಲ್ಲಿ ಮುಳುಗಿ ಮೇಲೆದ್ದವನ
ಮೊದಲ ಉಸಿರು.
ಎಡಗಿವಿಗೂ ಕೇಳಿಸಿರಬೇಕು, ನಕ್ಕರು.

'ಯಾರ್ ಹಾಕಿದ್ದು ಇದನ್ನ?'

ನಾನೇ.
ಒಂದು ರಾತ್ರಿ ಎರಡು ಲೀಟರು ಕಮ್ಮಿ ಅನ್ನಿಸಿತು.
ಕಡ್ಡಿ ಇಳಿಸಿ ನೋಡಿದೆ. ಹುಡುಗನ ಮುಖ ನೋಡಿದೆ.
ಬೀಗದ ಮುಚ್ಚಳ ತಂದೆ. ಸೈಕಲ್ ಟ್ಯೂಬು ಕತ್ತರಿಸಿ ಕೂರಿಸಿದೆ.
ಅದರ ನೆತ್ತಿಯಲ್ಲೊಂದು ಸೂಜಿಗಂಡಿ ಇತ್ತು,
ಕಂಪನಿಯವರು ಮರೆತಿದ್ದಾರೆ ಅಂದುಕೊಂಡು
ಎಂಸೀಲ್ ಮೆತ್ತಿದೆ.

ಸಾಬರು ಏನೂ ಅನ್ನಲಿಲ್ಲ. ಬಗ್ಗಿ
ಚಾಸಿಸ್ಸಿನ ಕೆಳಗೆ ಬೆರಳಾಡಿಸಿ ತೋರಿಸಿದರು:
ಹಳೇ ವಾಷರಿನ ಕೆಳಗಿಂದ ಇಳಿದ ಕಪ್ಪು ಗೆರೆ,
ತಿಂಗಳುಗಟ್ಟಲೆ ಹನಿ ಹನಿ ಸೋರಿದ್ದು.
ಬೆರಳು ಮೂಸಿದರು. ನನಗೂ ಮೂಸಲು ಕೊಟ್ಟರು.

ಒಂದು ಮೊಳೆ. ಸುತ್ತಿಗೆಯ ಎರಡು ಏಟು.
ನಲವತ್ತು ರೂಪಾಯಿ ತಗೊಂಡರು.
ಕ್ಯಾನಿನಲ್ಲಿ ಉಳಿದ ಡೀಸೆಲ್ಲು ಅವರದೇ ಅಂದರು.

ಈಗ ಮರ ಬರುತ್ತೆ, ಹೋಗುತ್ತೆ.
ಹುಡುಗ ಕೋಲಾರದ ಟೊಮೆಟೊ ಲಾರಿ ಹತ್ತಿದ್ದಾನಂತೆ.
ಫೋನು ಮಾಡಿದೆ ಒಂದು ಸಲ. ರಿಂಗಾಯಿತು.
ಆ ಮುಚ್ಚಳಕ್ಕೆ ಎರಡು ಕೀಲಿಕೈ ಬಂದಿದ್ದವು,
ಎರಡೂ ನನ್ನ ಜೇಬಿನಲ್ಲೇ ಇದ್ದವು ಇಷ್ಟು ದಿನ.
ಒಂದನ್ನು ಬಿಚ್ಚಿ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದೀನಿ,
ಪಕ್ಕದ ಸೀಟಿನ ಕಡೆ.
ತಿರುವಿನಲ್ಲೆಲ್ಲ ಜಾರಿಕೊಂಡು ಜಾರಿಕೊಂಡು
ನನ್ನ ಕಡೆಗೇ ಬರುತ್ತೆ.