ಬಲ ಹದಿನೆಂಟು, ಮಾತು ನಾಲ್ಕು

ವಾಸ್ಕೋದ ಬಂದರಿನಲ್ಲಿ ಕೊನೆಯ ಕ್ರೇನು
ಕತ್ತು ಮಡಚಿದ ಮೇಲೆ, ಸೋಮವಾರ ಸೋಮವಾರ,
ಎಸ್ಪೆರಾನ್ಸ್ ಬಾಯಿಯ ಹಿಂದಿನ ವರಾಂಡದಲ್ಲಿ
ನಾವು ನಾಲ್ವರು.
ನಡುವೆ ಇಪ್ಪತ್ತು ಮುಖದ ದಾಳ, ಬಟಾಟೆ ಚಿಪ್ಸು,
ಯಾರದೂ ಅಲ್ಲದ ಬೆಕ್ಕು.
ಕಸ್ಟಮ್ಸಿನಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿದವಳು ಬಾಯಿ,
ನಮ್ಮ ಹಮಾಲರ ನಡುವೆಯೇ ಕನ್ನಡ ಕಲಿತವಳು.
ಈಗ ಕತೆ ಹೇಳಿ ನಮ್ಮನ್ನು ಆಡಿಸುತ್ತಾಳೆ.
ಬಾಯಿ ಅಂದರೆ ಅವರಲ್ಲಿ ಅಕ್ಕ;
ನಮ್ಮಲ್ಲಿ, ಮಾತು ಸಿಕ್ಕಿಬೀಳುವ ಜಾಗ.

ನನ್ನವನ ಹೆಸರು ಕೊಡಲಿಬೊಮ್ಮ.
ಬಲ ಹದಿನೆಂಟು. ಎದೆಗಾರಿಕೆ ಹದಿನಾರು.
ಮಾತಿನ ಮನೆಯಲ್ಲಿ ನಾಲ್ಕು.
ಮೊದಲ ದಿನ ನಾನೇ ನಗುತ್ತ ಬರೆದದ್ದು:
ಕೊಡಲಿ ಇರುವವನಿಗೆ ಮಾತು ಯಾಕೆ?

ಹನ್ನೊಂದು ಸೋಮವಾರ ಬೊಮ್ಮ ಗೆದ್ದ.
ಎರಡು ತಲೆಯ ತೋಳ, ಉಪ್ಪಿನ ಗಣಿಯ ಭೂತ,
ಸೇತುವೆ ಕೆಳಗಿನ ಸುಂಕದ ರಾಕ್ಷಸ,
ಎಲ್ಲವಕ್ಕೂ ಕೊಡಲಿಗೆ ಎಟುಕುವ ಕುತ್ತಿಗೆ ಇತ್ತು.

ಹನ್ನೆರಡನೆಯದಕ್ಕೆ ಬಾಯಿ
ಕನ್ನಡಕ ಒರೆಸಿಕೊಂಡು ಹೇಳಿದಳು:
ಒಂದು ಮನೆ. ಬಾಗಿಲು ತೆರೆದೇ ಇದೆ.
ಒಳಗೆ ಒಬ್ಬಾಕೆ ರೊಟ್ಟಿ ತಟ್ಟುತ್ತಿದ್ದಾಳೆ.
ನಿಮ್ಮನ್ನು ಹೊಳೆ ದಾಟಿಸಿ ಮುಳುಗಿದನಲ್ಲ ಅಂಬಿಗ,
ಅವನ ಹೆಂಡತಿ.
ಹೆಜ್ಜೆ ಸಪ್ಪಳಕ್ಕೆ, ತಿರುಗದೆಯೇ, ಕೇಳುತ್ತಾಳೆ:
"ಯಾಕ ಇಷ್ಟೊತ್ತು ಮಾಡಿದಿ?"

ರಾಜಾಸಾಬ ನದಾಫ, ವೆಲ್ಡರು, ಕತ್ತಿ ಹಿರಿದ:
"ಹಿತ್ತಲದಾಗ ಯಾರರೆ ಅಡಗಿರ್ತಾರ, ನೋಡ್ರಿ."
ಯಾರೂ ಇಲ್ಲ.
"ಹಂಗಾರ ಆಕೀನ ಮಾಟಗಾತಿ ಇರಬೇಕು."
ಅಲ್ಲ.
"ಮತ್ತ ಇದರಾಗ ಹೊಡಿಯೋದು ಯಾರನ್ನ?"
ಶಾವಂತ್ರಿ ಚಿಪ್ಸಿನ ಪುಡಿ ಕೊಡವುತ್ತ
"ಸುಮ್ಮ ಕೂಡು" ಅಂದಳು.
ಮೂವರೂ ನನ್ನತ್ತ ನೋಡಿದರು.
ಹೊಸ್ತಿಲಲ್ಲಿ ನಿಂತವನು ಬೊಮ್ಮ.
ಸುಳಿಯಲ್ಲಿ ಅಂಬಿಗನ ಕೈ ಹಿಡಿದವನೂ ಬೊಮ್ಮ,
ಬಲ ಹದಿನೆಂಟಿದ್ದೂ ಬಿಟ್ಟವನು.

ಉರುಳಿಸಿದೆ.
ದಾಳ ತಟ್ಟೆಗೆ ಬಡಿದು, ಬೆಕ್ಕಿನ ಬಾಲ ಬಳಸಿ,
ಕೆಂಪು ನೆಲದ ಮೇಲೆ
ಮೂರು ಅಂತ ನಿಂತಿತು.

"ಏನಂದ?" ಬಾಯಿ ಕೇಳಿದಳು.
ಅಂಕವೊಂದೇ ಸಾಲದು ಅವಳಿಗೆ.
ಸೋತದ್ದನ್ನೂ ಆಡಿ ತೋರಿಸಬೇಕು.
ನಾನು ಅಂದೆ, ಬೊಮ್ಮ ಅಂದ:
"ಅವ್ವಾ, ರೊಟ್ಟಿ ಸೀಯಾಕತ್ತೈತಿ."

ರಾಜಾಸಾಬ ನಕ್ಕ. ನಕ್ಕು, ನಿಲ್ಲಿಸಿದ.
ಆಕೆ ರೊಟ್ಟಿ ತಿರುವಿ ಹಾಕಿದಳು.
ಹಸಿದು ಬಂದಿದ್ದೇವೆ ಅಂದುಕೊಂಡು
ಮೂವರಿಗೆ ಬಡಿಸಿದಳು.
ನಾಲ್ಕನೆಯ ತಾಟು ಮುಚ್ಚಿಟ್ಟಳು.
ಬೊಮ್ಮ ಉಂಡ.

ಗಾಯವಿಲ್ಲ. ಜೀವದ ಅಂಕ
ಮೂವತ್ತೆಂಟಕ್ಕೆ ಮೂವತ್ತೆಂಟು.
ಬಾಯಿ ನನ್ನ ಹಾಳೆ ಎಳೆದುಕೊಂಡಳು.
ಹಗ್ಗ, ಹತ್ತು ಮೊಳ.
ದೀವಟಿಗೆ, ಎರಡು.
ಅದರ ಕೆಳಗೆ ಪೆನ್ಸಿಲಿನಲ್ಲಿ:
ಹೇಳದ ಸುದ್ದಿ, ಒಂದು.

"ತೂಕ?" ನಾನೇ ಕೇಳಿದೆ.
ಹಗಲೆಲ್ಲ ಕಲ್ಲಿದ್ದಲ ಲಾರಿ ತೂಗಿಸಿ ಬರೆಯುವ ಕೈ,
ಖಾನೆ ಖಾಲಿ ಬಿಡಲು ಬಾರದು.
ಬಾಯಿ ಹೊರಗೆ ಕತ್ತಲೆ ನೋಡಿದಳು.
"ಹೊತ್ತು ನೋಡಿ ನೀನೇ ಬರಿ."

ಸತ್ತಿದ್ದರೆ ಹೊಸ ಹಾಳೆ ಕೊಡುತ್ತಿದ್ದಳು.
ರಾಜಾಸಾಬ ಎರಡು ಸಲ ಸತ್ತಿದ್ದಾನೆ,
ಎರಡು ಸಲವೂ ಇನ್ನಷ್ಟು ದೊಡ್ಡ ಮೀಸೆ ಹೊತ್ತು ಬಂದಿದ್ದಾನೆ.
ಸೋತವನಿಗೆ ಅದೇ ಹಾಳೆ,
ರಬ್ಬರು ತಿಕ್ಕಿ ತಿಕ್ಕಿ
ಆಚೆಯ ಬೆರಳು ಕಾಣುವಷ್ಟು ತೆಳ್ಳಗಾದದ್ದು.

ರಾತ್ರಿ ಸ್ಕೂಟರಿನ ಮೇಲೆ ಮಾತು ಜೋಡಿಸುತ್ತ ಹೋದೆ.
'ನಿಮ್ಮವರು...' ಬೇಡ.
'ಹೊಳಿ ಭಾಳ ಜೋರಿತ್ತು.' ಸುಳ್ಳಲ್ಲ. ಆದರೂ ಬೇಡ.
'ಅವರ ಕೈ ನನ್ನ ಕೈಯಾಗಿತ್ತು...'
ಅಷ್ಟರಲ್ಲಿ ರೈಲ್ವೆ ಗೇಟು ಬಿತ್ತು.

ಕಲ್ಲಿದ್ದಲಿನ ವ್ಯಾಗನ್ನು, ಹಿಂದೆ ವ್ಯಾಗನ್ನು.
ಎಂಜಿನ್ ಆರಿಸಿ ನಿಂತೆ.
ಎಷ್ಟು ಹೋದವೋ,
ಎಣಿಸಲಿಲ್ಲ.