ಕರಗದ ಹಿಮ

ಈ ವರ್ಷ ಉಣ್ಣೆಗೆ ಬೆಲೆಯಿಲ್ಲ.
ನರಿನ್ ಪೇಟೆಯ ವ್ಯಾಪಾರಿ ಮೂಟೆಯ ಬಾಯಿ ಕೂಡ ಬಿಚ್ಚಲಿಲ್ಲ,
"ಹಳ್ಳಕ್ಕೆ ಸುರಿ, ಇಲ್ಲವೇ ಸುಡು" ಅಂದ.
ಕೆನ್ಜೆಬೆಕ್ ಎಲ್ಲವನ್ನೂ ವಾಪಸು ತಂದು
ಅಂಗಳದಲ್ಲಿ ಕೆಡವಿ
ಅವುಗಳ ಮೇಲೇ ಕೂತ,
ಸೋತ ಪೈಲ್ವಾನನ ಹಾಗೆ.

ನಾನು ಫಿಸಿಕ್ಸ್ ಟೀಚರು.
ಕಳೆದ ಚಳಿಗಾಲ ನಾಲ್ಕು ಟನ್ ಕಲ್ಲಿದ್ದಲು ನುಂಗಿತ್ತು ನಮ್ಮ ಒಲೆ.
ಬಿಸಿಗಾಳಿ ಮೇಲಕ್ಕೇರುತ್ತದೆ, ಎಂಟನೇ ಕ್ಲಾಸಿನ ಪಾಠ.
ಅಂದರೆ ಸಂಬಳ ಸುಟ್ಟು
ನಾವು ಕಾಯಿಸಿದ್ದು ಆಕಾಶವನ್ನು.

"ಮನೆಯೇನು ಕುರಿಯೇ, ಉಣ್ಣೆ ಹೊದಿಸೋಕೆ?"
"ಕುರಿ ಅಂತಲೇ ಅಂದುಕೋ. ಏಣಿ ತಾ."

ಮೂರು ದಿನ ತೊಳೆದೆವು ಹೊಳೆಯಲ್ಲಿ.
ಹಿಕ್ಕೆ, ಮುಳ್ಳು, ಜಿಡ್ಡು,
ಒಂದು ಮೂಟೆಯಲ್ಲಿ ಯಾರದೋ ಅಂಗಿಯ ಗುಂಡಿ.
ನುಸಿ ಹಿಡಿಯದಂತೆ ಬೋರಾಕ್ಸ್ ಚಿಮುಕಿಸಿ
ಬಿಸಿಲಿಗೆ ಹರಡಿ, ಬೆರಳಲ್ಲಿ ಬಿಡಿಸಿ
ಅಟ್ಟದ ತೊಲೆಗಳ ನಡುವೆ
ಗೇಣು ದಪ್ಪ ಹಾಸಿದೆವು,
ಒತ್ತಬೇಡ, ಒತ್ತಬೇಡ ಎಂದು ಕೂಗುತ್ತಾ ನಾನು,
ಕೆಮ್ಮುತ್ತಾ ಅವನು.
ಬೆಚ್ಚಗಿಡುವುದು ಉಣ್ಣೆಯಲ್ಲ,
ಎಳೆಗಳ ನಡುವೆ ಸಿಕ್ಕಿಬಿದ್ದು
ಎಲ್ಲಿಗೂ ಹೋಗಲಾರದ ಗಾಳಿ.
ಬಾಗಿಲ ಸಂದಿಗೆ ಅತ್ತೆಯ ಹಳೇ ಕಂಬಳಿ ಕತ್ತರಿಸಿ ತುರುಕಿದೆ.
ಎರಡು ದಿನ ಅವರು ಮಾತು ಬಿಟ್ಟರು.

ಜನವರಿ. ಮೈನಸ್ ಮೂವತ್ತು.
ನಸುಕಿನಲ್ಲಿ ದಬದಬ ಬಾಗಿಲು ಬಡಿತ.
ತೆರೆದರೆ ಆಚೆಮನೆಯ ಅನಾರ್‌ಖಾನ್,
ಹಿಂದೆ ಇಬ್ಬರು ಗಂಡಸರು, ಒಂದು ಸಲಿಕೆ,
ಏನಕ್ಕೂ ಇರಲೆಂದು ಕಂಕುಳಲ್ಲಿ ರೊಟ್ಟಿ.
ಸುಣ್ಣದಂಥ ಮುಖ.
"ಎಲ್ಲರ ಛಾವಣಿಯದೂ ಕರಗಿ, ಅಂಚಿನಲ್ಲಿ ಕೋಲುಗಟ್ಟಿದೆ.
ನಿಮ್ಮ ಮೇಲೆ ಮಾತ್ರ ಹಿಮ
ಮೊಣಕಾಲೆತ್ತರ ಹಾಗೇ ಕೂತಿದೆ.
ರಾತ್ರಿಯಿಂದ ಹೊಗೆಯೂ ಇಲ್ಲ. ನಾವು..."
ಮುಂದಿನದನ್ನು ಅವಳು ಆಡಲಿಲ್ಲ.
ಒಲೆಯ ವಿಷಗಾಳಿಗೆ ಮಲಗಿದಲ್ಲೇ ಉಳಿದವರು
ಈ ಬೀದಿಗೆ ಹೊಸಬರಲ್ಲ.

ನಾನೋ ಬರಿಗಾಲಲ್ಲಿ ನಿಂತಿದ್ದೆ.
ಅವಳು ನನ್ನ ಪಾದ ನೋಡಿದಳು, ತಲೆಯೆತ್ತಿ ಛಾವಣಿ ನೋಡಿದಳು,
ಮತ್ತೆ ಪಾದ.

"ಬನ್ನಿ ಒಳಗೆ, ಬೇಗ. ಬಾಗಿಲು ಹಾಕಿ."

ಸಲಿಕೆ ಹೊರಗೇ ಉಳಿಯಿತು.
ರೊಟ್ಟಿ ಮುರಿದೆವು. ಅತ್ತೆಯೂ ಬಂದು ಕೂತರು,
ಕಂಬಳಿಯ ಸುದ್ದಿ ಮತ್ತೊಮ್ಮೆ ಎತ್ತಿದರು.
ಚಹಾ ಬಗ್ಗಿಸುತ್ತಾ ಕೆನ್ಜೆಬೆಕ್
ತಲೆಯ ಮೇಲಕ್ಕೆ ಬೆರಳು ತೋರಿಸಿ
"ಕುರಿ ಮಲಗಿದೆ" ಅಂದ,
ಮೆಲ್ಲಗೆ,
ಎಬ್ಬಿಸಬಾರದು ಎಂಬಂತೆ.